ಬಾಗಿಲಿಗೆ ಬೀಗ ಬೇಡ

ಪ್ರೀತಿಯ ಗೆಳತಿ,

ಹುಡುಗಿಯರನ್ನು ಲೈಂಗಿಕ ದಂಧೆಗೆ ದೂಡುವವರ ಬಗೆಗಿನ ನಿಮ್ಮ ಚಿತ್ರಕಥೆಯ ಕರಡು ಓದಿದೆ. ಹೆತ್ತವರು ಕೈಬಿಟ್ಟ 15ರ ಹುಡುಗಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುತ್ತಾಳೆ, 12ನೇ ಪುಟಕ್ಕೆ ಒಬ್ಬ ದಾಂಡಿಗ ಅವಳನ್ನು ಕೋಣೆಗೆ ತಳ್ಳಿ ಬೀಗ ಜಡಿಯುತ್ತಾನೆ. ಮೊದಲು ಆ ಬೀಗ ತೆಗೆಯಿರಿ. ಬೀಗ ಇದ್ದರೆ ಅದನ್ನು ಯಾರು ಒಡೆಯುತ್ತಾರೆ ಎಂದು ಕಾಯುವುದಷ್ಟೇ ನೋಡುವವರ ಕೆಲಸ. ಬಾಗಿಲು ತೆರೆದಿದ್ದರೂ ಅವಳು ಯಾಕೆ ಹೋಗುವುದಿಲ್ಲ ಎಂಬುದೇ ನಿಮ್ಮ ಸಿನಿಮಾ.

ಅವಳನ್ನು ಮಾತಾಡಿಸುವುದು ಒಬ್ಬ ಹೆಂಗಸಾಗಿರಲಿ, ಹುಡುಗಿಯ ಸೀಮೆಯ ಕನ್ನಡವನ್ನೇ ಆಡಲಿ. ‘ಊಟ ಆತೇನವ್ವಾ?’ ಇಷ್ಟೇ ಮೊದಲ ಮಾತು. ಅದು ಮಕ್ಕಳ ಸಹಾಯವಾಣಿ 1098ರ ಫಲಕದ ಕೆಳಗೇ ನಡೆಯಲಿ. ಹುಡುಗಿ ಆ ನಂಬರು ಓದಿರುತ್ತಾಳೆ, ಆದರೆ ಕರೆ ಮಾಡಿದರೆ ತಾನು ಬಿಟ್ಟುಬಂದ ಸೋದರಮಾವನ ಮನೆಗೇ ಮತ್ತೆ ಬಿಡುತ್ತಾರೆಂಬ ಭಯ. ಮೊದಲ ವಾರ ಬರೀ ಉಪಕಾರ: ಊಟ, ಎರಡು ಜೊತೆ ಬಟ್ಟೆ, ಒಂದು ಮೊಬೈಲು. ಎರಡನೇ ವಾರ ಅವೆಲ್ಲ ಸಾಲದ ಪುಸ್ತಕಕ್ಕೆ ಏರುತ್ತವೆ. ಮೊಬೈಲಿಗೆ 9,000, ಬಟ್ಟೆಗೆ 2,400, ಮಲಗಿದ ಜಾಗಕ್ಕೆ ದಿನಕ್ಕೆ 300. ದುಡಿದದ್ದು ಬಡ್ಡಿಗೇ ಜಮಾ. ಆ ಪುಸ್ತಕ ಮೂರು ಸಲ ಕಂಡರೆ ಸಾಕು, ಹೊಡೆತದ ದೃಶ್ಯ ಒಂದೂ ಬೇಕಾಗದು. ‘ಮನೆಗೆ ಹೇಳ್ತೀನಿ’ ಎಂಬ ಬೆದರಿಕೆಯನ್ನೂ ಬಿಡಿ. ಕಾಯುವವರೇ ಇಲ್ಲದವಳಿಗೆ ‘ನಿಂಗ ನನ್ನ ಬಿಟ್ರ ಯಾರದಾರ?’ ಎಂಬ ಮಾತೇ ಸರಪಳಿ.

ನೀವು ಕೈಬಿಟ್ಟಿರುವ ದೊಡ್ಡ ಎಳೆ ವಯಸ್ಸಿನದು. ಯಾರು ಕೇಳಿದರೂ ‘19’ ಎನ್ನಲು ಅವಳಿಗೆ ಕಲಿಸಿರುತ್ತಾರೆ. 18 ತುಂಬದಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಅವಳ ‘ಒಪ್ಪಿಗೆ’ಗೆ ಬೆಲೆಯಿಲ್ಲ, ಹಾಗಾಗಿ ಆ ಸುಳ್ಳಿನ ಮೇಲೆಯೇ ಇಡೀ ದಂಧೆ ನಿಂತಿರುತ್ತದೆ. ಬಾಲನ್ಯಾಯ ಕಾಯ್ದೆ 2015ರ 94ನೇ ಕಲಮಿನ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಸಿಗದಾಗ ಮಾತ್ರ ಮೂಳೆಯ ಪರೀಕ್ಷೆ. ಅಂದರೆ ಅವಳ ಬಿಡುಗಡೆ ಯಾವುದೋ ಹಳ್ಳಿಶಾಲೆಯ ದಾಖಲಾತಿ ಪುಸ್ತಕದಲ್ಲಿದೆ. ಅದನ್ನು ಹುಡುಕಿಕೊಂಡು ಹೋಗುವ ಪಾತ್ರ ನಿಮ್ಮ ಪೊಲೀಸ್ ನಾಯಕನಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಠಾಣೆಯ ದೃಶ್ಯದಲ್ಲಿ ತಪ್ಪುಗಳಿವೆ. ಅವಳನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಆರೋಪಿ ಅವಳ ಕಣ್ಣಿಗೆ ಬೀಳಬಾರದು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಇವನ್ನು ಯಾರೂ ಮುರಿಯುವುದಿಲ್ಲ ಎನ್ನುತ್ತಿಲ್ಲ. ಮುರಿದಾಗ ಮುರಿದಿದೆ ಎಂಬುದು ಕಥೆಗೆ ಗೊತ್ತಿರಬೇಕು, ನಿಮ್ಮ ಕರಡಿಗೆ ಗೊತ್ತಿಲ್ಲ.

‘ನೈಜ ಘಟನೆ ಆಧಾರಿತ’ ಎಂಬ ಸಾಲು ತೆಗೆಯಿರಿ. ಹೆಸರಷ್ಟೇ ಅಲ್ಲ, ಶಾಲೆ, ಓಣಿ, ಮನೆಯವರ ವಿವರದಿಂದ ಗುರುತು ಸಿಕ್ಕರೂ ಪೋಕ್ಸೊ 23ನೇ ಕಲಮಿನಡಿ ಅಪರಾಧ. ಪಾರಾಗಿ ಬಂದ ಮಕ್ಕಳನ್ನು ಹುಡುಕಿ ‘ಏನಾಯ್ತು ಹೇಳು’ ಎನ್ನಬೇಡಿ, ದಯವಿಟ್ಟು. ಆಪ್ತಸಮಾಲೋಚಕರನ್ನು ಕೇಳಿ: ಮೊದಲ ದಿನ ಮಕ್ಕಳು ಏನು ತಿನ್ನುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ಸದ್ದಿಗೆ ಬೆಚ್ಚುತ್ತಾರೆ. ಪಾತ್ರಕ್ಕೆ 18 ದಾಟಿದ ನಟಿಯೇ ಇರಲಿ. ಹಾಗಿದ್ದರೂ ದೌರ್ಜನ್ಯವನ್ನು ಕ್ಯಾಮೆರಾ ನೋಡಬೇಕಿಲ್ಲ. ಮಗುವಿನಂತೆ ಕಾಣುವಂತೆ ಸೃಷ್ಟಿಸಿದ ಲೈಂಗಿಕ ಚಿತ್ರಣವನ್ನೂ ಪೋಕ್ಸೊ ಕಾಯ್ದೆಯ 2019ರ ತಿದ್ದುಪಡಿ ಕಾನೂನಿನ ವ್ಯಾಪ್ತಿಗೆ ತಂದಿದೆ.

ಕೊನೆಗೆ, ರಕ್ಷಣೆ 96ನೇ ಪುಟದಲ್ಲಿದೆ, ಅದನ್ನು 60ಕ್ಕೆ ತನ್ನಿ. ಬಾಲಮಂದಿರದ ಮೊದಲ ರಾತ್ರಿ ಅವಳು ಕೇಳುವುದು ಆ ಹೆಂಗಸಿನ ಫೋನ್ ನಂಬರನ್ನು, ‘ಅಕ್ಕ ಉಂಡಾಳೋ ಇಲ್ಲೋ’ ಎಂದು. ಆ ದೃಶ್ಯ ಮೊದಲು ಬರೆದು ಕಳಿಸಿ.