ಗಂಗಾ ಅಂತಲೇ ಇಡು

ಪ್ರೀತಿಯ ಪುಟ್ಟೀ,

ಭಾನುವಾರ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಹೆಣ್ಣು ಮಗುವಾದರೆ ಅಜ್ಜಿಯ ಹೆಸರು, ಗಂಗಾ ಅಂತ ಇಡೋಣ ಎಂದು ನೀನು ಆಸೆಪಟ್ಟರೆ, ಮನೆಯವರೇ ಯಾರೋ "ಅಯ್ಯೋ, ಕೆಲಸದವರ ಹೆಸರಿನ ಹಾಗಿದೆ" ಅಂದರಂತೆ. ನೀನು ನಕ್ಕು ಸುಮ್ಮನಾದೆ. ನನಗೆ ನಗು ಬರಲಿಲ್ಲ.

ಇಲ್ಲಿ ಜರ್ಮನಿಯ ಲೈಪ್ಸಿಗ್‌ನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನ ಹೆಸರು ಕೆವಿನ್. ನಮ್ಮ ಕಿವಿಗೆ ಅದೊಂದು ಇಂಗ್ಲಿಷ್ ಹೆಸರು, ಅಷ್ಟೇ ಅಲ್ವಾ? ನಾನು ಸೇರಿದ ಹೊಸದರಲ್ಲಿ ಯಾರೋ ಅವನ ಹೆಸರೆತ್ತಿ ಒಂಥರಾ ನಕ್ಕರು. ಆಮೇಲೆ ಅರ್ಥವಾಯಿತು. ಈ ದೇಶದಲ್ಲಿ ಕೆವಿನ್ ಅಂದರೆ ಓದು ಹತ್ತದ, ಗಲಾಟೆ ಮಾಡುವ, ಇಲ್ಲದವರ ಮನೆಯ ಹುಡುಗ ಎಂದು ಜನ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಇದಕ್ಕೆ ಕೆವಿನಿಸ್ಮುಸ್ ಅಂತ ಒಂದು ಪದವೇ ಇದೆ. ಹುಡುಗಿಯರಲ್ಲಿ ಶಾಂತಾಲ್ ಅನ್ನುವ ಹೆಸರಿಗೂ ಇದೇ ಗತಿ.

1991ರಲ್ಲಿ ಇಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಇಟ್ಟ ಹೆಸರು ಕೆವಿನ್. ಮನೆಯಲ್ಲಿ ಒಬ್ಬನೇ ಉಳಿದುಹೋಗುವ ತುಂಟ ಕೆವಿನ್‌ನ ಸಿನಿಮಾ ಆ ವರ್ಷವೇ ಇಲ್ಲಿ ಬಂದಿತ್ತು, ಕೆವಿನ್ ಕಾಸ್ಟ್ನರ್ ಆಗ ದೊಡ್ಡ ಸ್ಟಾರ್, ಅದಕ್ಕೂ ಮುಂಚೆ 1977ರಿಂದ 1980ರವರೆಗೆ ಕೆವಿನ್ ಕೀಗನ್ ಹ್ಯಾಂಬರ್ಗ್ ಪರ ಫುಟ್‌ಬಾಲ್ ಆಡಿ ಹೋಗಿದ್ದ. ಜನ ಇಷ್ಟಪಟ್ಟೇ ಇಟ್ಟರು. ಚೆನ್ನಾಗಿ ಓದಿದವರ ಮನೆಗಳಲ್ಲಿ ಮಾತ್ರ ಹೆಚ್ಚಾಗಿ ಮಾಕ್ಸಿಮಿಲಿಯಾನ್, ಶಾರ್ಲೊಟ್ಟೆ ಥರದ ಹಳೆಯ ಹೆಸರುಗಳೇ ನಡೆದವು. ಅಲ್ಲಿಂದ ಹೆಸರು ಕೇಳಿ ಮನೆ ಯಾವುದೆಂದು ಅಳೆಯುವುದು ಸುಲಭವಾಯಿತು.

2009ರಲ್ಲಿ ಓಲ್ಡೆನ್‌ಬುರ್ಗ್ ವಿಶ್ವವಿದ್ಯಾಲಯದಿಂದ ಒಂದು ಅಧ್ಯಯನ ಬಂತು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬರೀ ಹೆಸರುಗಳನ್ನು ಕೊಟ್ಟು ಏನನ್ನಿಸುತ್ತದೆ ಎಂದು ಕೇಳಿದ್ದರು. ಶಾರ್ಲೊಟ್ಟೆ, ಸೋಫಿ, ಅಲೆಕ್ಸಾಂಡರ್ ಜಾಣರಂತೆ. ಕೆವಿನ್ ಅಲ್ಲವಂತೆ. ಒಬ್ಬ ಶಿಕ್ಷಕರಂತೂ "ಕೆವಿನ್ ಅನ್ನುವುದು ಹೆಸರಲ್ಲ, ಡಯಾಗ್ನೋಸಿಸ್" ಎಂದು ಬರೆದಿದ್ದರು. ಯೋಚಿಸು ಪುಟ್ಟೀ, ಆರು ವರ್ಷದ ಮಗು ಇನ್ನೂ ಬೆಂಚಿನ ಮೇಲೆ ಕೂತಿರುವುದಿಲ್ಲ, ಬಾಯಿ ತೆರೆದಿರುವುದಿಲ್ಲ, ಅಷ್ಟರಲ್ಲಿ ಅದರ ಲೆಕ್ಕ ಮುಗಿದಿರುತ್ತದೆ.

ಲೈಪ್ಸಿಗ್ ಇರುವ ಈ ಭಾಗ ಮೊದಲು ಪೂರ್ವ ಜರ್ಮನಿ. ಇಲ್ಲಿ ನಡುವಯಸ್ಸಿನವರಲ್ಲಿ ಮ್ಯಾಂಡಿ, ಪೆಗ್ಗಿ, ರೋನಿ, ಮೈಕ್ ಅನ್ನುವವರು ಬೇಕಾದಷ್ಟು ಸಿಗುತ್ತಾರೆ. 1961ರಿಂದ 1989ರವರೆಗೆ ಬರ್ಲಿನ್ ಗೋಡೆ ದಾಟಿ ಪಶ್ಚಿಮಕ್ಕೆ ಹೋಗಲಾಗದಿದ್ದವರು ಆಚೆಯ ಹೆಸರನ್ನಾದರೂ ಮಗುವಿಗೆ ಇಟ್ಟುಕೊಂಡರು. ಆ ಹೆಸರುಗಳಿಗೂ ಪಶ್ಚಿಮದವರು ನಗುತ್ತಾರೆ. ನನಗೆ ಇದನ್ನು ಕೇಳಿದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ.

ಇನ್ನೊಂದು ಮಾತು. ಎಮಿಲ್, ಆಂಟೋನ್, ಫ್ರೀಡಾ ಇವೆಲ್ಲ ಇಲ್ಲಿ ಅಜ್ಜ ಅಜ್ಜಿಯರ ಹೆಸರು. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದವು. ಈಗ ಓದಿದ ಅಪ್ಪ ಅಮ್ಮಂದಿರೇ ಹುಡುಕಿ ಇಡುತ್ತಾರೆ. ಅಕ್ಷರ ಒಂದೂ ಬದಲಾಗಿಲ್ಲ. ನಾಳೆ ನಾಲ್ಕು ದೊಡ್ಡ ಮನೆಯವರು ಗಂಗಾ ಅಂತ ಇಟ್ಟರೆ, ಇವತ್ತು ಮೂಗು ಮುರಿದವರೇ "ಎಷ್ಟು ಮುದ್ದಾಗಿದೆ" ಅನ್ನುತ್ತಾರೆ, ನೋಡುತ್ತಿರು.

ಆದರೆ ಅದಕ್ಕೋಸ್ಕರ ಆ ಹೆಸರು ಇಡು ಅನ್ನುತ್ತಿಲ್ಲ. ಕೆಲಸದವರ ಹೆಸರೇ ಆಗಿದ್ದರೆ ಏನಾಯಿತು? ಪಾತ್ರೆ ತೊಳೆದು ಮಕ್ಕಳನ್ನು ಓದಿಸುವ ಹೆಂಗಸಿನ ಹೆಸರು ನಮ್ಮ ಮಗುವಿಗೆ ಯಾಕೆ ಕಡಿಮೆಯಾಗಬೇಕು? ಅಲ್ಲಿ ಬೈದದ್ದು ಹೆಸರನ್ನಲ್ಲ, ಅವರನ್ನು. ನಾನೂ ಇದನ್ನು ಮಾಡಿದ್ದೇನೆ. ನಮ್ಮ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ತಿಮ್ಮಕ್ಕ ಅಂದ ಕೂಡಲೇ ಎಲ್ಲರೂ ನಗುತ್ತಿದ್ದೆವು. ಅವಳು ತಲೆ ತಗ್ಗಿಸಿಕೊಂಡೇ "ಪ್ರೆಸೆಂಟ್ ಮಿಸ್" ಅನ್ನುತ್ತಿದ್ದಳು. ಆ ಬಗ್ಗಿದ ಕತ್ತು ಈಗ ಇಷ್ಟು ದೂರ ಬಂದ ಮೇಲೆ ಕಣ್ಣಿಗೆ ಕಟ್ಟುತ್ತಿದೆ.

ಕೆವಿನ್ ತನ್ನ ಮೇಲ್‌ಗಳ ಕೆಳಗೆ ಬರೀ ಕೆ ಎಂದು ಹಾಕಿ ಮನೆತನದ ಹೆಸರು ಬರೆಯುತ್ತಾನೆ. ಯಾಕೆ ಎಂದು ಕೇಳಿದೆ. ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಕಾಲದ ಅಭ್ಯಾಸ ಅಂದ. ಹೆಸರು ಅವನ ಅಮ್ಮ ಆರಿಸಿದ್ದಂತೆ, ಆಗ ಅವಳಿಗೆ ಹತ್ತೊಂಬತ್ತು ವರ್ಷ. ಇದೆಲ್ಲ ಅವಳಿಗೆ ಗೊತ್ತಾಗದಿರಲಿ ಅಂದ.

ಅಪ್ಪ ಅಮ್ಮನಿಗೂ ಇದನ್ನು ಓದಿ ಹೇಳು. ಅಜ್ಜಿಯ ಹಳೆಯ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದು ಕಳಿಸು, ನನ್ನ ಹತ್ತಿರ ಒಂದೂ ಇಲ್ಲ. ಹೆಸರು ತೀರ್ಮಾನವಾದ ದಿನ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು.

ನಿನ್ನ ಅಣ್ಣ