ಸನ್ಮಾನದ ಫೋಟೋ ಜೊತೆ ಅರ್ಜಿಯ ತಾರೀಖೂ ಹಾಕಿ

ಮಾನ್ಯ ಸಂಪಾದಕರೇ,

ನಾನು ಉಡುಪಿಯಲ್ಲಿ 26 ವರ್ಷದಿಂದ ಪಿಗ್ಮಿ ಕಲೆಕ್ಷನ್, ಅಂದರೆ ದಿನಾ ಅಂಗಡಿ ಮನೆಗೆ ಹೋಗಿ ಉಳಿತಾಯದ ದುಡ್ಡು ಸಂಗ್ರಹಿಸುವ ಕೆಲಸ, ಮಾಡುವವನು. ಮನೆ ಕೆಮ್ಮಣ್ಣಿನಲ್ಲಿ. ನಿಮ್ಮ ಪತ್ರಿಕೆಯನ್ನು ದಿನಾ ಸಂತೆಕಟ್ಟೆಯ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಓದುತ್ತೇನೆ. ಕಳೆದ ವಾರ ಅದರಲ್ಲಿ ಒಂದು ಫೋಟೋ ಇತ್ತು. ವಿದೇಶದಲ್ಲಿ ಓದಲು ಸ್ಕಾಲರ್‌ಶಿಪ್ ಸಿಕ್ಕಿದ ಹುಡುಗಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನೋಡಿ ಸಂತೋಷವಾಯಿತು. ಆದರೆ ಆ ಸ್ಕಾಲರ್‌ಶಿಪ್ಪಿಗೆ ಯಾವ ತಿಂಗಳಲ್ಲಿ ಅರ್ಜಿ ಹಾಕಬೇಕು, ಯಾರು ಹಾಕಬಹುದು ಎಂದು ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಮಗಳು ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದಾಳೆ. ಹೊರದೇಶದಲ್ಲಿ ನೀರಿನ ವಿಷಯ ಓದಬೇಕು ಅಂತ ಅವಳಿಗೆ ಆಸೆ. ಕಳೆದ ಏಪ್ರಿಲ್‌ನಲ್ಲಿ ಮಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋದೆವು. ಹೆಸರು ಬೇಡ. ಎ.ಸಿ. ರೂಮು, ಗೋಡೆ ತುಂಬ ದೇಶ ದೇಶದ ಬಾವುಟ. "ಎಂಥ ಟೆನ್ಶನ್ ಮಾಡ್ಬೇಡಿ ಅಂಕಲ್, ಸ್ಕಾಲರ್‌ಶಿಪ್ ಉಂಟು" ಎಂದ ಅಲ್ಲಿನ ಹುಡುಗ. ನಂಬಿ 25 ಸಾವಿರ ಕಟ್ಟಿದೆ. ತಿಂಗಳಾದ ಮೇಲೆ ಇಂಗ್ಲೆಂಡಿನ ಒಂದು ಕಾಲೇಜಿನಿಂದ ಪತ್ರ ಬಂತು. ಫೀಸು 18,000 ಪೌಂಡ್. ಸ್ಕಾಲರ್‌ಶಿಪ್ 3,000 ಪೌಂಡ್. ಉಳಿದದ್ದನ್ನು ರೂಪಾಯಿ ಮಾಡಿದರೆ 17 ಲಕ್ಷ ದಾಟಿತು. ಊಟ, ಬಾಡಿಗೆ ಬೇರೆ. ಇದಕ್ಕೆ ಸ್ಕಾಲರ್‌ಶಿಪ್ ಅನ್ನುತ್ತಾರಾ? ಆಟಿ, ಅಂದರೆ ಆಷಾಢದ ತಿಂಗಳಲ್ಲಿ ನಮ್ಮ ಬಟ್ಟೆ ಅಂಗಡಿಯವರು ಇದಕ್ಕಿಂತ ಜಾಸ್ತಿ ಬಿಡುತ್ತಾರೆ.

ಬ್ಯಾಂಕಿನಲ್ಲಿ ಸಾಲ ಕೇಳಿದೆ. ಏಳೂವರೆ ಲಕ್ಷದವರೆಗೆ ಅಡಮಾನ ಬೇಡ, ಅದರ ಮೇಲೆ ಜಾಗದ ದಾಖಲೆ ಬೇಕು ಎಂದರು. ನನ್ನದು ಎಂಟು ಸೆಂಟ್ಸ್, ಅದೂ ಅಣ್ಣನ ಜೊತೆ ಜಂಟಿ ಪಹಣಿ. ಅಲ್ಲಿಗೆ ಆ ಮಾತು ಮುಗಿಯಿತು.

ಕಣ್ಣು ತೆರೆಸಿದ್ದು ನನ್ನ ಒಬ್ಬ ಪಿಗ್ಮಿ ಗಿರಾಕಿ, ಜೆರಾಕ್ಸ್ ಅಂಗಡಿಯವರು. ಅವರ ಅಕ್ಕನ ಮಗ ಎರಾಸ್ಮಸ್ ಮುಂಡಸ್ ಎಂಬ ಯುರೋಪಿನ ಸ್ಕಾಲರ್‌ಶಿಪ್‌ನಲ್ಲಿ ಓದುತ್ತಿದ್ದಾನೆ. "ಅರ್ಜಿಗೆ ಒಂದು ರೂಪಾಯಿ ಕೊಟ್ಟಿಲ್ಲ ಮಾರಾಯ್ರೆ" ಎಂದರು. ಕಾಲೇಜಿನ ಫೀಸು ಇಲ್ಲ. ಮೇಲಿಂದ ತಿಂಗಳಿಗೆ 1,400 ಯೂರೋ, ಎರಡು ವರ್ಷ. ಕೈಯಲ್ಲಿದ್ದ ಮೆಷಿನ್‌ನಲ್ಲಿ ಅವರ ರಸೀದಿ ಬಂದು ನೇತಾಡುತ್ತಿತ್ತು, ನನಗೆ ಹರಿದು ಕೊಡಲೂ ನೆನಪಾಗಲಿಲ್ಲ. ಆದರೆ ಅದಕ್ಕೆ ಅರ್ಜಿ ಹಾಕುವುದು ಹೆಚ್ಚಾಗಿ ಅಕ್ಟೋಬರಿನಿಂದ ಜನವರಿಯೊಳಗೆ. ನಾವು ಹೊರಟದ್ದು ಏಪ್ರಿಲ್‌ನಲ್ಲಿ. ಬಸ್ಸು ಬ್ರಹ್ಮಾವರ ದಾಟಿದ ಮೇಲೆ ಸಂತೆಕಟ್ಟೆಯಲ್ಲಿ ಕೈ ತೋರಿಸಿದ ಹಾಗಾಯಿತು.

ಕನ್ಸಲ್ಟೆನ್ಸಿಯವರು ಇದನ್ನು ಯಾಕೆ ಹೇಳಲಿಲ್ಲ? ಕಾಲೇಜಿಗೆ ಒಬ್ಬರನ್ನು ಸೇರಿಸಿದರೆ ಅವರಿಗೆ ಕಮಿಷನ್ ಸಿಗುತ್ತದೆ. ಸ್ಕಾಲರ್‌ಶಿಪ್ಪಿನ ದಾರಿ ತೋರಿಸಿದರೆ ಏನು ಸಿಗುತ್ತದೆ? ನಾನೂ ಕಮಿಷನ್ನಿನಲ್ಲೇ ಬದುಕುವವನು, ಈ ಲೆಕ್ಕ ನನಗೆ ಬೇಗ ಅರ್ಥವಾಗುತ್ತದೆ.

ಆಮೇಲೆ ಮಗಳೂ ನಾನೂ ರಾತ್ರಿ ಊಟ ಆದ ಮೇಲೆ ಕೂತು ಹುಡುಕತೊಡಗಿದೆವು. ಒಂದು ನೋಟ್‌ಬುಕ್ ತುಂಬಿತು. ಬ್ರಿಟನ್ನಿನ ಚೀವ್ನಿಂಗ್ ಸ್ಕಾಲರ್‌ಶಿಪ್ಪಿಗೆ ಅರ್ಜಿ ಶುರುವಾಗುವುದು ಆಗಸ್ಟ್‌ನಲ್ಲಿ, ಎರಡು ವರ್ಷ ಕೆಲಸ ಮಾಡಿರಬೇಕು. ಅಮೆರಿಕದ ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಸ್ಕಾಲರ್‌ಶಿಪ್ಪಿಗೆ ಮೂರು ವರ್ಷದ ಕೆಲಸ. "ಮಗಳನ್ನು ಕೆಲಸಕ್ಕೆ ಕಳಿಸ್ಬೇಡಿ, ಓದಿಗೆ ಗ್ಯಾಪ್ ಬೀಳ್ತದೆ" ಅಂತ ಬುದ್ಧಿ ಹೇಳಿದವರು ಎಷ್ಟು ಜನ! ಇಲ್ಲಿ ನೋಡಿದರೆ ಸ್ಕಾಲರ್‌ಶಿಪ್ ಕೊಡುವವರು ಕೇಳುವುದೇ ಆ ಗ್ಯಾಪನ್ನು.

ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಫೀಸೇ ಇಲ್ಲ. ಇದನ್ನು ಕೇಳಿ ನಾನು ಕುಣಿದೆ. ಮಗಳು ಮುಂದಿನ ಸಾಲು ಓದಿದಳು. ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚು, ಈಗ 11,904 ಯೂರೋ, ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು. ದುಡ್ಡು ನಮ್ಮದೇ, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ವಾಪಸ್ ಕೊಡುತ್ತಾರೆ. ಪಿಗ್ಮಿಯ ಉಲ್ಟಾ. ಆದರೆ ಮೊದಲು ಇಡಬೇಕಲ್ಲ! ನಮ್ಮ ಮಾರ್ಕ್ಸ್ ಕಾರ್ಡು ಅಸಲಿ ಎಂದು ಪರಿಶೀಲಿಸಿ ಕೊಡುವ ಎ.ಪಿ.ಎಸ್. ಸರ್ಟಿಫಿಕೇಟಿಗೆ 18,000 ರೂಪಾಯಿ ಬೇರೆ. ಅಲ್ಲಿನ ಡಿ.ಎ.ಎ.ಡಿ. ಸ್ಕಾಲರ್‌ಶಿಪ್ ಸಿಕ್ಕಿದವರಿಗೆ ಆ ಅಕೌಂಟಿನ ತಲೆನೋವು ಇಲ್ಲ.

ನಮ್ಮ ದೇಶದಲ್ಲೂ ದಾರಿ ಉಂಟು. ಜೆ.ಎನ್. ಟಾಟಾ ಎಂಡೋಮೆಂಟ್ ಎಂಬ ನಿಧಿ 1892ರಲ್ಲಿ ಶುರುವಾದದ್ದು, ಓದಿಗೆ ನೆರವನ್ನು ಸಾಲದ ರೂಪದಲ್ಲಿ ಕೊಡುತ್ತದೆ. ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಲಂಡನ್ನಿಗೆ ಓದಲು ಹೋದದ್ದು ಇದೇ ನೆರವಿನಲ್ಲಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ರಾಜ್ಯದ ಪ್ರಬುದ್ಧ ಯೋಜನೆ ಇವೆ. ನನ್ನ ಗಿರಾಕಿಗಳಲ್ಲಿ ಇದಕ್ಕೆ ಅರ್ಹತೆ ಇರುವ ಮೂರು ಮನೆಯವರಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಅರ್ಜಿ ಫ್ರೀ ಇದ್ದರೂ ಅದರ ಸುತ್ತಮುತ್ತ ಖರ್ಚಿದೆ. ಇಂಗ್ಲಿಷ್ ಪರೀಕ್ಷೆ, ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡಿನ ದೃಢೀಕರಣ. ಪಾಠ ಹೇಳಿದ ಇಬ್ಬರು ಮೇಷ್ಟ್ರ ಪತ್ರವೂ ಬೇಕು, ಅವರ ಹಿಂದೆ ಒಂದು ತಿಂಗಳಾದರೂ ತಿರುಗಬೇಕು. ಯಾಕೆ ಓದಬೇಕು ಎಂದು ನಾವೂ ಒಂದು ಪತ್ರ ಬರೆಯಬೇಕು. ಕನ್ಸಲ್ಟೆನ್ಸಿಯವರು ಬರೆದುಕೊಟ್ಟದ್ದರಲ್ಲಿ ಮಗಳ ಹೆಸರು ಬಿಟ್ಟರೆ ಮಗಳೇ ಇರಲಿಲ್ಲ. ಅದನ್ನು ಬದಿಗಿಟ್ಟು, ಮಾರ್ಚ್ ಬಂದರೆ ನಮ್ಮ ಬಾವಿ ನೀರು ಉಪ್ಪಾಗುವುದು, ಅವಳ ಅಮ್ಮ ಎರಡು ಮನೆ ಆಚೆಯಿಂದ ಕೊಡಪಾನ ಹೊತ್ತು ತರುವುದು, ಇದನ್ನೆಲ್ಲ ಅವಳೇ ಬರೆದಿದ್ದಾಳೆ. ಈಗ ಮಣಿಪಾಲದಲ್ಲಿ ಸಣ್ಣ ಕೆಲಸದಲ್ಲಿದ್ದಾಳೆ. ಈ ಅಕ್ಟೋಬರಿನಲ್ಲಿ ಅರ್ಜಿ ಹೋಗುತ್ತದೆ. ಸಿಗುತ್ತದೋ ಇಲ್ಲವೋ, ಪೈಪೋಟಿ ಜೋರಿದೆ.

ಸಂಪಾದಕರೇ, ನನ್ನದು ಒಂದೇ ಕೋರಿಕೆ. ನಿಮ್ಮ ಶಿಕ್ಷಣದ ಪುಟದಲ್ಲಿ ತಿಂಗಳಿಗೊಮ್ಮೆ ಅಂಗೈಯಗಲ ಜಾಗ ಕೊಡಿ. ಯಾವ ಸ್ಕಾಲರ್‌ಶಿಪ್ಪಿಗೆ ಈಗ ಅರ್ಜಿ, ಕೊನೆಯ ದಿನ ಯಾವುದು, ಯಾರಿಗೆ, ಕೈಯಿಂದ ಎಷ್ಟು ಹಾಕಬೇಕು, ಇಷ್ಟನ್ನು ಕನ್ನಡದಲ್ಲಿ ಹಾಕಿ. ಶಾಲು ಹೊದಿಸುವ ಸಂಘದವರೂ ಹಾರ ತುರಾಯಿಯ ಖರ್ಚನ್ನು ಒಂದಿಬ್ಬರು ಮಕ್ಕಳ ಇಂಗ್ಲಿಷ್ ಪರೀಕ್ಷೆಯ ಫೀಸಿಗೆ ಕೊಡಬಹುದು, ಅಲ್ವಾ?

ಮಗಳ ನೋಟ್‌ಬುಕ್ ನಿಮಗೆ ಬೇಕಿದ್ದರೆ ಕಳಿಸುತ್ತೇನೆ. ಜೆರಾಕ್ಸ್‌ಗೆ ದುಡ್ಡು ಬೇಡ ಎಂದು ಅಂಗಡಿಯವರು ಹೇಳಿದ್ದಾರೆ.

ಇಂತಿ,
ಒಬ್ಬ ಪಿಗ್ಮಿ ಕಲೆಕ್ಟರ್
ಕೆಮ್ಮಣ್ಣು, ಉಡುಪಿ