ದೂರ ಜಾಸ್ತಿ, ಹೊತ್ತು ಕಮ್ಮಿ

ಸ್ಯಾನ್ ಫ್ರಾನ್ಸಿಸ್ಕೋ

ತೀರ್ಥರೂಪ ಅಪ್ಪಾಜಿಗೆ ಮಗಳ ನಮಸ್ಕಾರಗಳು.

ನಾವೆಲ್ಲ ಆರಾಮ ಇದ್ದೇವೆ. ಅವ್ವನ ಮೊಣಕಾಲು ನೋವು ಈಗ ಹೇಗಿದೆ?

ನೀವು, ಅವ್ವ ಇಲ್ಲಿಗೆ ಬರುವ ವಿಮಾನದ ಟಿಕೆಟ್ ತೆಗೆಸಲು ಗೋಡೆಯ ನಕ್ಷೆಗೆ ಸ್ಕೇಲ್ ಹಚ್ಚಿ ದೂರ ಅಳೆದಿರಂತೆ, ತಮ್ಮ ಹೇಳಿದ. ಆ ನಕ್ಷೆ ನಂಬಬೇಡಿ. ದುಂಡಗಿನ ಭೂಮಿಯನ್ನು ಹಾಳೆಗೆ ಇಳಿಸಿದರೆ ಉತ್ತರದ ನಾಡುಗಳೆಲ್ಲ ಹಿಗ್ಗಿಬಿಡುತ್ತವೆ. ತಮ್ಮನ ಗ್ಲೋಬ್ ತಗೊಂಡು ಬೆಂಗಳೂರಿನಿಂದ ಇಲ್ಲಿಯವರೆಗೆ ದಾರ ಬಿಗಿಯಾಗಿ ಹಿಡಿದು ನೋಡಿ. ಅದು ಚೀನಾ, ರಷ್ಯಾ ದಾಟಿ ಮೇಲಿನ ಹಿಮದ ಕಡೆ ಏರಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಇಲ್ಲಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದಲೇ ಹಾರಿತು. ನಡೆಸಿದವರೆಲ್ಲ ಹೆಣ್ಣುಮಕ್ಕಳು. ಇದನ್ನು ಅವ್ವನಿಗೆ ಮರೆಯದೆ ಹೇಳಿ.

ಇನ್ನು ಕಾಕಾನ ವಾದ. ಭೂಮಿ ಪೂರ್ವಕ್ಕೆ ತಿರುಗುತ್ತದೆ, ವಿಮಾನ ಸುಮ್ನೆ ಮೇಲೆ ನಿಂತರೆ ಅಮೆರಿಕವೇ ಕೆಳಗೆ ಬರಬೇಕಲ್ಲ ಅಂತಾರೆ, ಅಲ್ವಾ? ಬರಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ. ಆದರೆ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೇ ಇದೆ. ಜೆಟ್ ಸ್ಟ್ರೀಮ್ ಅಂತಾರೆ. ಕೆಲವೊಮ್ಮೆ ಗಂಟೆಗೆ 200 ಕಿಲೋಮೀಟರ್ ಮೀರುತ್ತದೆ. ಅದು ಬೆನ್ನಿಗೆ ಬಿದ್ದರೆ ಲಾಭ, ಎದುರಾದರೆ ಎಣ್ಣೆಯೂ ಹೋಯಿತು, ಹೊತ್ತೂ ಹೋಯಿತು.

ಕಾಕಾಗೆ ಒಂದು ಲೆಕ್ಕ ತೋರಿಸಿ. 2016ರಲ್ಲಿ ದಿಲ್ಲಿಯಿಂದ ಇಲ್ಲಿಗೆ ಬರುವ ವಿಮಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ಮೇಲೆ ಹಾರಿತು. ಹಳೇ ದಾರಿ ಸುಮಾರು 13,900 ಕಿಲೋಮೀಟರ್, ಹೊಸದು 15,300. ಸುತ್ತು ದಾರಿ! ಆದರೂ ಹದಿನಾಲ್ಕೂವರೆ ಗಂಟೆಗೆ ಮುಟ್ಟಿತು, ಮೊದಲಿಗಿಂತ ಬೇಗ. ಹಾಗಾಗಿ ಟಿಕೆಟ್ ತೆಗೆಸುವಾಗ ಕಿಲೋಮೀಟರ್ ನೋಡಬೇಡಿ, ಗಂಟೆ ನೋಡಿ.

ನನ್ನನ್ನು ಕೇಳಿದರೆ, ಒಂದು ಕಡೆ ಇಳಿದು ಮೂರ್ನಾಲ್ಕು ಗಂಟೆ ಬಿಟ್ಟು ಹತ್ತುವುದೇ ಅವ್ವನಿಗೆ ಒಳ್ಳೆಯದು. ಒಟ್ಟು ಹೊತ್ತು ಜಾಸ್ತಿಯಾಗಲಿ, ಕಾಲಾದರೂ ಆಡುತ್ತದೆ. ಹದಿನಾರು ಹದಿನೇಳು ಗಂಟೆ ಕೂತರೆ ಪಾದ ಬಾತುಕೊಳ್ಳುತ್ತವೆ. ನಡುದಾರಿ ಪಕ್ಕದ ಸೀಟು ಕೇಳಿ. ಆಗಾಗ ಎದ್ದು ಓಡಾಡಲಿ, ನೀರು ಕುಡಿಯಲಿ.

ತಾರೀಖು ಗೊಂದಲ ಬೇಡ. ಬೇಸಿಗೆಯಲ್ಲಿ ನಾವು ನಿಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೂ ಇಲ್ಲಿ ಅದೇ ದಿನ ಸಂಜೆ 6.30. ಅವ್ವನ ಸೋಮವಾರದ ಉಪವಾಸ ಮಾತ್ರ ಉದ್ದವಾಗುತ್ತದೆ. ಆ ದಿನ ಬಿಟ್ಟು ಬುಕ್ ಮಾಡಿ.

ಕಟಕ ರೊಟ್ಟಿ, ಶೇಂಗಾ ಹಿಂಡಿ ತನ್ನಿ. ಮಾವಿನಹಣ್ಣು ಬೇಡ, ಇಲ್ಲಿ ಕಸ್ಟಮ್ಸ್‌ನವರು ಬಿಡಲ್ಲ. ತುಪ್ಪದ ಡಬ್ಬಿ ಕೈಚೀಲದಲ್ಲಿ ಇಡಬೇಡಿ, ದೊಡ್ಡ ಬ್ಯಾಗಿಗೆ ಹಾಕಿ.

ತಾರೀಖು ಗೊತ್ತಾದ ಕೂಡಲೇ ತಮ್ಮನಿಂದ ಮೆಸೇಜ್ ಮಾಡಿಸಿ. ರಜೆಗೆ ಬರೆದುಕೊಡಬೇಕು.

ನಿಮ್ಮ ಮಗಳು